ಸವಳು ಮಣ್ಣಿನ ಮಾಳಿಗೆ

ನಮ್ಮೂರ ಶಾಲೆ ಬಿದ್ದದ್ದು ರವಿವಾರ. ಅದಕ್ಕೇ ಯಾರೂ ಸಾಯಲಿಲ್ಲ. ಒಳಗೆ ಒಂದು ನಾಯಿ ಮಲಗಿತ್ತು. ಮೊದಲ ಕಲ್ಲು ಉರುಳಿದಾಗಲೇ ಅದು ಎದ್ದು ಹೊರಗೆ ಬಂದು, ಉಳಿದದ್ದು ಬೀಳುವುದನ್ನು ನಿಂತು ನೋಡಿತಂತೆ.

ಸ್ವಾತಂತ್ರ್ಯ ಬಂದು ಆಗ ಐದಾರು ವರ್ಷ ಆಗಿತ್ತು. ನಾವಿನ್ನೂ ಮುಂಬೈ ಸರಕಾರದ ಕೈಯಲ್ಲಿದ್ದೆವು. ನಮ್ಮೂರು ಮೂಡಲಗಿಯಿಂದ ಮೂರು ಹರದಾರಿ ದೂರ, ಹೊಳೆಯ ದಂಡೆಗೆ. ಸುತ್ತ ಎಲ್ಲಿ ಅಗೆದರೂ ಕರಿ ಎರೆ ಮಣ್ಣು. ಎರೆಯಲ್ಲಿ ಜೋಳ ಬೆಳೆಯುತ್ತದೆ, ಗೋಡೆ ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮಳೆ ಬಿದ್ದರೆ ನಾದಿದ ಹಿಟ್ಟಿನಂತೆ ಉಬ್ಬಿ ಮೇಲಿದ್ದದ್ದನ್ನೆಲ್ಲ ಎತ್ತುತ್ತದೆ. ವರ್ಷಕ್ಕೊಮ್ಮೆ ಎತ್ತಿ ವರ್ಷಕ್ಕೊಮ್ಮೆ ಇಳಿಸಿದರೆ ಯಾವ ಗೋಡೆ ತಾಳುತ್ತದೆ? ಶಾಲೆಯ ಗೋಡೆ ಇಪ್ಪತ್ತು ವರ್ಷ ತಾಳಿದ್ದೇ ಹೆಚ್ಚು.

ಮಕ್ಕಳು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂತು ಕಲಿಯತೊಡಗಿದರು. ಅಷ್ಟರಲ್ಲಿ ಗೋಕಾಕದ ಶಾಲಾ ಕಚೇರಿಯಿಂದ ಕಾಗದ ಬಂತು. ಮುಂದಿನ ಜೂನಿನಲ್ಲಿ, ಮಿರಗದ ಮಳೆಗೆ ಶಾಲೆ ತೆರೆಯುವ ಹೊತ್ತಿಗೆ ಒಳ್ಳೆಯ ಕಟ್ಟಡ ಇರದಿದ್ದರೆ ನಮ್ಮ ಶಾಲೆಯನ್ನು ಹಳ್ಳದಾಚೆಯ ಊರಿನ ಶಾಲೆಗೆ ಸೇರಿಸುತ್ತಾರಂತೆ. ಆ ಹಳ್ಳ ಚಳಿಗಾಲದಲ್ಲಿ ಮೊಣಕಾಲಿಗೆ ಬರುತ್ತದೆ, ಮಳೆಗಾಲದಲ್ಲಿ ಕುತ್ತಿಗೆಗೆ. ಗಂಡುಹುಡುಗರು ಹೇಗೋ ದಾಟಿ ಹೋಗಿಬಂದಾರು. ಹೆಣ್ಣುಮಕ್ಕಳನ್ನು ಯಾರು ಕಳಿಸುತ್ತಾರೆ? ಶಾಲೆಯಲ್ಲಿ ಏಳು ಹೆಣ್ಣುಮಕ್ಕಳಿದ್ದರು. ಅದರಲ್ಲಿ ಒಬ್ಬಳು ನನ್ನ ಮಗಳು, ಎರಡನೇ ಇಯತ್ತೆಯಲ್ಲಿದ್ದಳು. ನಾನು ಕಲಿತದ್ದೂ ಎರಡನೇ ಇಯತ್ತೆಯವರೆಗೇ. ಅವಳು ಅಲ್ಲಿಗೇ ನಿಲ್ಲಬಾರದು ಅನ್ನುವುದೊಂದೇ ನನ್ನ ಗರಜು. ಊರಿನ ಉದ್ಧಾರದ ಮಾತು ನನಗೆ ಆಗಲೂ ತಿಳಿಯುತ್ತಿರಲಿಲ್ಲ, ಈಗಲೂ ತಿಳಿಯುವುದಿಲ್ಲ.

ದೀಪಾವಳಿ ಮುಗಿದ ಮೇಲೆ ಓವರ್ಸಿಯರ್ ಬಂದರು. ಹರೆಯದವರು, ಕಾರವಾರದ ಕಡೆಯವರು, ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು. ಕಂಕುಳಲ್ಲಿ ನಕಾಶೆಯ ಸುರುಳಿ ಇತ್ತು. ಗುಡಿಯ ಕಟ್ಟೆಯ ಮೇಲೆ ಅದನ್ನು ಬಿಡಿಸಿ ನಾಲ್ಕು ಮೂಲೆಗೂ ಕಲ್ಲಿಟ್ಟರು. ಕಲ್ಲಿನ ಗೋಡೆ, ಮೇಲೆ ತಗಡು. ಹಗಲು ಶಾಲೆ, ಸಂಜೆ ಊರವರ ಸಭೆ, ಹೊಳೆ ಬಂದರೆ ಜನರಿಗೆ ಆಸರೆ, ಮೂರೂ ಇದರಲ್ಲೇ ಆಗಬೇಕು ಎಂದರು. ಊರ ಗೌಂಡಿ ಮುತ್ಯಾ ಬಗ್ಗಿ ನೋಡಿದ. ಎಪ್ಪತ್ತು ದಾಟಿದ ಮುದುಕ, ನಮ್ಮ ಸುತ್ತಿನ ಅರ್ಧ ಗೋಡೆಗಳು ಅವನವೇ.

“ಗೋಡಿ ನಾ ಕಟ್ಟತೇನ್ರಿ,” ಎಂದ. “ಮ್ಯಾಲಿಂದು ಈಕಿನ್ನ ಕೇಳ್ರಿ.”

ಈಕಿ ಅಂದರೆ ನಾನು. ಆಗ ನನಗೆ ಮೂವತ್ತರ ಹತ್ತಿರ. ನಮ್ಮ ಕಡೆ ಮನೆಗಳಿಗೆ ಹಂಚು ಇಲ್ಲ. ಜಂತಿಯ ಮೇಲೆ ಮಣ್ಣು ಹಾಕಿ, ತುಳಿದು, ಸಮ ಮಾಡಿದ ಚಪ್ಪಟೆ ಮಾಳಿಗೆ. ಅದನ್ನು ಹಾಕುವುದನ್ನು ನನ್ನ ಅವ್ವ ನನಗೆ ಕಲಿಸಿದ್ದಳು. ಮಳೆ ಬಂದು ಯಾರ ಮನೆ ಸೋರಿದರೂ ನನ್ನನ್ನು ಬೈಯುತ್ತಿದ್ದರು, ಸೋರದಿದ್ದರೆ ಯಾರೂ ನೆನೆಯುತ್ತಿರಲಿಲ್ಲ.

ಸಾಹೇಬರು ನನ್ನತ್ತ ತಿರುಗಿ, “ಇದರಲ್ಲಿ ಮಾಳಿಗೆ ಇಲ್ಲ, ಅಕ್ಕಾ. ತಗಡು. ಈ ನಕಾಶೆ ಎಲ್ಲ ಊರಿಗೂ ಒಂದೇ,” ಎಂದರು.

“ಎಲ್ಲಾ ಊರಿನ ಮಣ್ಣೂ ಒಂದ ಐತೇನ್ರಿ?” ಎಂದೆ.

ಅವರು ಸಿಟ್ಟಾಗಲಿಲ್ಲ. ಕಿವಿಯ ಹಿಂದಿದ್ದ ಪೆನ್ಸಿಲ್ ತೆಗೆದು ನಕಾಶೆಯ ಅಂಚಿನಲ್ಲಿ ಏನೋ ಗೀಚಿಕೊಂಡು, “ಹಾಗಾದರೆ ಅಗೆದು ನೋಡೋಣ,” ಎಂದರು. ಆ ಗಳಿಗೆಯಿಂದ ನನಗೆ ಅವರ ಮೇಲೆ ನಂಬಿಕೆ ಬಂತು. ಓದಿದವರು ಅಗೆದು ನೋಡೋಣ ಎಂದದ್ದನ್ನು ಅದಕ್ಕೆ ಮೊದಲು ನಾನು ಕೇಳಿರಲಿಲ್ಲ.

ಮೂರು ಕಡೆ ಗುಂಡಿ ತೋಡಿದೆವು. ಹಳೆಯ ಶಾಲೆಯ ಜಾಗದಲ್ಲಿ ಆಳು ಮುಳುಗುವಷ್ಟು ತೋಡಿದರೂ ಎರೆಯೇ. ಚಾವಡಿಯ ಬಾಜೂ ಎದೆಮಟ್ಟಕ್ಕೆ ನೀರು ಜಿನುಗಿತು. ಊರಿನ ಮೇಲ್ಗಡೆ, ಬೇಲಿ ದಾಟಿದ ದಿನ್ನೆಯ ಮೇಲೆ, ಸೊಂಟದ ಮಟ್ಟಕ್ಕೆ ಗುದ್ದಲಿ ಕರ್ ಎಂದಿತು. ಅದು ಗರಸು, ಎರೆಯ ಅಡಿಗಿರುವ ಕೆಂಪು ಹರಳು ನೆಲ. ಮಳೆಗೆ ಉಬ್ಬುವುದಿಲ್ಲ, ಬಿಸಿಲಿಗೆ ಬಿರಿಯುವುದಿಲ್ಲ. ಅಲ್ಲಿಯೇ ಕಟ್ಟುವುದು ಎಂದಾಯಿತು. ಇಷ್ಟು ದೂರ ಯಾರು ನಡೀಬೇಕು ಎಂದು ಮುದುಕರು ಗೊಣಗಿದರು. ಗೌಂಡಿ ಮುತ್ಯಾ, “ನಿಮಗೇನ ಸಾಲಿ ಕಲಿಯೂದೈತೇನು?” ಎಂದು ಬಾಯಿ ಮುಚ್ಚಿಸಿದ.

ನೆಲದ ಎತ್ತರ ಎಷ್ಟಿರಬೇಕು ಅನ್ನುವುದು ಮುಂದಿನ ತಂಟೆ. ಹೊಳೆ ಹಿಂದೆ ಎಲ್ಲಿಯವರೆಗೆ ಬಂದಿತ್ತು ಎಂದು ಸಾಹೇಬರು ಕೇಳಿದರು. ಅದು ನನ್ನ ಅತ್ತೆಗೆ ಗೊತ್ತಿತ್ತು. ಅವಳು ಮದುವೆಯಾಗಿ ಬಂದ ವರ್ಷವೇ ಹೊಳೆ ಊರೊಳಗೆ ನುಗ್ಗಿತ್ತು. ಕರೆದುಕೊಂಡು ಬಂದೆವು. ಬಾವಿಯ ದಾರಿಯಲ್ಲಿ ಒಂದು ಕಡೆ ನಿಂತು, “ಇಲ್ಲೇ ನಿಂತಿದ್ದೆ. ಕೋಳಿ ಬುಟ್ಟಿ ತಲಿ ಮ್ಯಾಲ ಇತ್ತು. ನೀರು ಇಲ್ಲಿಗಿತ್ತು,” ಎಂದು ಎದೆಯ ಮೇಲೆ ಕೈಯಿಟ್ಟಳು.

ಸಾಹೇಬರು ಟೇಪು ಹಿಡಿದು ಹತ್ತಿರ ಹೋಗಿ, ಎಲ್ಲಿ ಇಡುವುದು ತಿಳಿಯದೆ ನಿಂತುಬಿಟ್ಟರು.

“ಹಿಡೀಪಾ ತಮ್ಮಾ. ನಾಚೂ ವಯಸ್ಸು ನಂದಲ್ಲ, ನಿಂದು,” ಎಂದಳು ಅತ್ತೆ.

ಆಮೇಲೆ ಮೂರು ಕಾಲಿನ ದುರ್ಬೀನು ಇಟ್ಟು, ಅತ್ತೆಯ ಎದೆಯಿಂದ ದಿನ್ನೆಯವರೆಗೆ ನೋಡಿ ಎತ್ತರ ಹಿಡಿದರು. ಆ ಗುರುತಿಗಿಂತ ಒಂದು ಮೊಳ ಮೇಲೆ ನೆಲ ಬರಬೇಕು ಎಂದು ಬರೆದುಕೊಂಡರು. ಸರಕಾರಿ ಪುಸ್ತಕದಲ್ಲಿ ನನ್ನ ಅತ್ತೆಯ ಎದೆಯ ಎತ್ತರ ಈಗಲೂ ಇರಬಹುದು.

ಗರಸು ಸಿಗುವ ತನಕ ಪಾಯ ತೋಡಿದೆವು, ಗೋಡೆಯ ಎರಡರಷ್ಟು ಅಗಲ. ಬುಡಕ್ಕೆ ಗರಸನ್ನೇ ಒಂದು ಗೇಣು ಹಾಕುವುದು, ನೀರು ಚಿಮುಕಿಸುವುದು, ದಿಮ್ಮಸಿನಿಂದ ಬಡಿಯುವುದು, ಮತ್ತೆ ಒಂದು ಗೇಣು. ಸಾಹೇಬರು ಬೂಟು ಕಳಚಿ ಹಿಮ್ಮಡಿ ಊರಿ ನೋಡುತ್ತಿದ್ದರು. ಗುರುತು ಮೂಡಿದರೆ ಮತ್ತೆ ಬಡಿಯಬೇಕು. ನಾಲ್ಕು ದಿನದಲ್ಲಿ ಅವರ ಹಿಮ್ಮಡಿಯೂ ನಮ್ಮ ಹಿಮ್ಮಡಿಯಂತೆ ಒಡೆಯಿತು.

ಜಗಳವಾದದ್ದು ಕಂಬಗಳ ವಿಷಯಕ್ಕೆ. ನಕಾಶೆಯಲ್ಲಿ ಕಂಬವೇ ಇರಲಿಲ್ಲ, ಚಾವಣಿಯ ಭಾರ ಗೋಡೆಯ ಮೇಲೆ. ಹಳೆಯ ಶಾಲೆಯೂ ಹಾಗೆಯೇ ಇತ್ತು, ಗೋಡೆ ಬಿರಿದದ್ದಕ್ಕೆ ಚಾವಣಿಯೂ ಕೆಳಗೆ ಬಂತು. ನಾನು ಸಾಹೇಬರನ್ನು ನಮ್ಮ ಮನೆಗೆ ಕರೆದೊಯ್ದು ಹಿತ್ತಲ ಗೋಡೆ ತೋರಿಸಿದೆ. ಮೇಲಿಂದ ಕೆಳಗೆ ಬಿರುಕು ಬಿಟ್ಟಿತ್ತು. ಅದರಲ್ಲಿ ಮೊಣಕೈವರೆಗೆ ಕೈ ತೂರಿಸಿದೆ.

“ಈ ಗೋಡೆ ನಾಳೆ ಬೀಳ್ತದಲ್ಲ,” ಎಂದರು ಅವರು ಹಿಂದೆ ಸರಿದು.

“ಬೀಳ್ಲಿ ಬಿಡ್ರಿ. ಮಾಳಿಗಿ ಕಂಬದ ಮ್ಯಾಲೈತಿ. ಗೋಡಿ ಬಿದ್ದರ ಗಾಳಿ ಬರತೈತಿ, ಅಷ್ಟ.”

ಅವರು ಕಂಬ, ತೊಲೆ, ಜಂತಿ ಒಂದೊಂದನ್ನೂ ಮುಟ್ಟಿ ನೋಡಿದರು. ಅಷ್ಟರಲ್ಲಿ ಅತ್ತೆ ಅವರ ಕೈಗೆ ರೊಟ್ಟಿ, ಮೆಣಸಿನಕಾಯಿ ಹಿಂಡಿ, ಒಂದು ಉಳ್ಳಾಗಡ್ಡಿ ಕೊಟ್ಟಳು. ತಿನ್ನುತ್ತಲೇ ನಕಾಶೆಯ ಮೇಲೆ ಹನ್ನೆರಡು ಕಂಬ ಬರೆದರು. ಖಾರಕ್ಕೆ ಮೂಗು ಸುರಿದು ಬರೆದ ಕಂಬವೊಂದರ ಮೇಲೆ ಹನಿ ಬಿತ್ತು. ಮೇಲಿನವರು ಒಪ್ಪದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದೆ. “ಕಟ್ಟಿದ ಮೇಲೆ ಕಿತ್ತು ಹಾಕೋದಿಲ್ಲವಲ್ಲ,” ಎಂದರು. ಬೇವು, ಜಾಲಿ ಮರಗಳು ಊರಲ್ಲೇ ಸಿಕ್ಕವು.

ಹೋಳಿ ಹುಣ್ಣಿಮೆಗೆ ಗೋಡೆ ಎದ್ದವು, ಕಂಬ ನಿಂತವು. ತಗಡು ಮಾತ್ರ ಬರಲಿಲ್ಲ. ಆಗ ತಗಡಿಗೆ ಪರವಾನಗಿ ಬೇಕಿತ್ತು. ಸಾಹೇಬರು ಬೆಳಗಾವಿಗೆ ಎರಡು ಸಲ ಹೋಗಿ ಬಂದರು. ಮೂರನೆಯ ಸಲ ಹೋಗಿ ಬಂದವರು ನೇರ ನನ್ನ ಮನೆಗೇ ಬಂದು ಕಟ್ಟೆಯ ಮೇಲೆ ಕೂತರು.

“ಅಕ್ಕಾ, ತಗಡು ಈ ವರ್ಷ ಇಲ್ಲ. ಮಾಳಿಗೆ ಹಾಕಬೇಕು.”

ನನಗೆ ಒಳಗೊಳಗೇ ಸಂತೋಷವಾಯಿತು. ತಗಡಿನ ಕೆಳಗೆ ಬೇಸಿಗೆಯಲ್ಲಿ ಮಕ್ಕಳು ಬೇಯುತ್ತಾರೆ, ಮಳೆಯಲ್ಲಿ ಮಾಸ್ತರರ ಮಾತು ಕೇಳುವುದಿಲ್ಲ. ಆದರೆ ಅಷ್ಟು ಅಗಲದ ಮಾಳಿಗೆಯನ್ನು ನಾನು ಎಂದೂ ಹಾಕಿರಲಿಲ್ಲ. ಅದಕ್ಕೆ ಸವಳು ಮಣ್ಣೇ ಬೇಕಿತ್ತು. ಸವಳು ಅಂದರೆ ಉಪ್ಪೇರಿ ಕೆಟ್ಟ ಭೂಮಿ. ಬೀಜ ಹಾಕಿದರೆ ಮೊಳೆಯುವುದಿಲ್ಲ, ಆದರೆ ಮಾಳಿಗೆಯ ಮೇಲೆ ಹರಡಿದರೆ ಮೊದಲ ಹನಿಗೇ ಮುಖ ಮುಚ್ಚಿಕೊಂಡು ನೀರನ್ನು ಕೆಳಗೆ ಬಿಡುವುದಿಲ್ಲ. ಧುಪದಾಳದ ಒಡ್ಡಿನ ಕಾಲುವೆ ನೀರು ಬಂದ ಮೇಲೆ, ಕಬ್ಬಿಗೆ ಹಗಲೆಲ್ಲ ನೀರು ಬಿಟ್ಟು ಬಿಟ್ಟು, ತಗ್ಗಿನ ಹೊಲಗಳು ಒಂದೊಂದಾಗಿ ಬೆಳ್ಳಗಾಗಿದ್ದವು. ನಮ್ಮೂರಲ್ಲಿ ಅಂಥ ದೊಡ್ಡ ಹೊಲ ಇದ್ದದ್ದು ಒಬ್ಬ ಕಾಕಾನದು. ನಮ್ಮ ಮನೆಯವರಿಗೆ ದೂರದ ಸಂಬಂಧ.

ಹೋಗಿ ಕೇಳಿದೆ. ಕಾಕಾ ಹೊಲದ ಬದುವಿನ ಮೇಲೆ ನಿಂತಿದ್ದ.

“ನನ್ನ ಹೊಲ ಸವಳ ಆಗೇತಂತ ನಿನಗ ಯಾರ ಹೇಳ್ಯಾರ?”

“ಬೆಳ್ಳಗ ಕಾಣ್ತೈತಲ್ಲ ಕಾಕಾ.”

“ಅದು ಇಬ್ಬನಿ.”

“ಬ್ಯಾಸಗ್ಯಾಗ? ನಡು ಮಧ್ಯಾಹ್ನ?”

“ನಮ್ಮ ಹೊಲದಾಗ ಬೀಳತೈತಿ. ನಿನಗೇನಾತು?”

ಅವನ ಸಂಕಟ ನನಗೆ ಗೊತ್ತಿತ್ತು. ಮಗಳಿಗೆ ಹುಕ್ಕೇರಿ ಕಡೆಯ ಗಂಡು ಗೊತ್ತಾಗುವುದರಲ್ಲಿತ್ತು. ಬೀಗರು ಹೊಲ ಮನೆ ನೋಡಲು ಇವತ್ತು ಬರುತ್ತೇವೆ ನಾಳೆ ಬರುತ್ತೇವೆ ಅನ್ನುತ್ತಿದ್ದರು. ಆ ಹೊಲದಿಂದ ಮಾಳಿಗೆಗೆ ಬಂಡಿಗಟ್ಟಲೆ ಮಣ್ಣು ಹೊರಟರೆ, ಹೊಲ ಕೆಟ್ಟಿದೆ ಎಂದು ಡಂಗುರ ಹೊಡೆದಂತೆ. ನಾನು ಮತ್ತೆ ಒತ್ತಾಯ ಮಾಡಲಿಲ್ಲ. ನಾನೂ ಹೆಣ್ಣು ಹೆತ್ತವಳೇ.

ಇನ್ನು ಮುಂದಿನ ತಪ್ಪು ನನ್ನದು. ಇದನ್ನು ಯಾರ ಮೇಲೂ ಹಾಕುವುದಿಲ್ಲ.

ಸವಳು ಇಲ್ಲದಿದ್ದರೆ ಮನೆಗೊಂದು ಬುಟ್ಟಿ ಮಣ್ಣು ತರಲಿ ಎಂದು ನಾನೇ ಮಾಸ್ತರರಿಗೆ ಹೇಳಿದೆ. ನಮ್ಮಲ್ಲಿ ಗುಡಿಗೆ, ಚಾವಡಿಗೆ ಮಣ್ಣು ಹಾಕುವಾಗ ಮನೆಗೊಂದು ಬುಟ್ಟಿ ತರುವ ಪದ್ಧತಿ ಮೊದಲಿನಿಂದ ಇತ್ತು. ಮಣ್ಣು ಹಾಕದ ಮನೆಯವರು ಒಳಗೆ ಕೂತರೆ ನೆಲ ಚುಚ್ಚುತ್ತದೆ ಎಂದು ನಗೆಯಾಡುತ್ತಿದ್ದರು. ಊರ ಹೊರಗಿನ ಕೇರಿಯವರನ್ನು ಮಾತ್ರ ಅದಕ್ಕೆ ಎಂದೂ ಕರೆದಿರಲಿಲ್ಲ. ಈ ಸಲ ಮಾಸ್ತರರು ಹೋಗಿ ಕರೆದರು. ಆ ಕೇರಿಯ ಮಕ್ಕಳೂ ಶಾಲೆಯಲ್ಲಿದ್ದರಲ್ಲ.

ಮಣ್ಣು ಬಂತು. ಕರಿ ಮಣ್ಣು, ಕೆಂಪು ಮಣ್ಣು, ಕೆರೆಯ ಹೂಳು, ಯಾರೋ ಹಿತ್ತಲಲ್ಲಿ ಕೆರೆದ ಬೂದಿ ಬೆರೆತ ಮಣ್ಣು. ಹೊರಗಿನ ಕೇರಿಯ ಹೆಂಗಸರು ಬುಟ್ಟಿ ಹೊತ್ತು ದಿನ್ನೆ ಹತ್ತಿದಾಗ ಯಾರೋ ಒಬ್ಬ, “ಅವರದು ಬ್ಯಾರೆ ಗುಂಪಿ ಹಾಕ್ರಿ,” ಎಂದ. ನಾನು ಮುಂದೆ ಹೋಗಿ ಮೊದಲ ಬುಟ್ಟಿ ಇಸಿದುಕೊಂಡು ದೊಡ್ಡ ರಾಶಿಯ ನಟ್ಟ ನಡುವೆ ಸುರಿದೆ. ಆಮೇಲೆ ಗುದ್ದಲಿ ಹಿಡಿದು ಅಡಿಮೇಲು ಮಾಡಿದೆ. “ಈಗ ಆರಿಸ್ಕೋರಿ ಯಾರದು ಯಾವುದಂತ,” ಎಂದೆ. ಆ ಹೊತ್ತು ನಾನು ಬಹಳ ಬೀಗಿದೆ. ಮಣ್ಣು ತುಳಿಯುವಾಗ ನನ್ನ ಕಾಲಿಗೆ ಗೊತ್ತಾಯಿತು, ಒಂದು ಕಡೆ ಅಂಟುತ್ತದೆ, ಒಂದು ಕಡೆ ಉದುರುತ್ತದೆ. ಇದು ನಿಲ್ಲುವುದಿಲ್ಲ ಎಂದು ಕಾಲು ಹೇಳಿತು. ನಾನು ಕೇಳಲಿಲ್ಲ.

ಮಾಳಿಗೆ ಮುಗಿಯಿತು. ಎಲ್ಲರೂ ಬಂದು ನೋಡಿ ಹೋದರು. ಎಂಟು ದಿನ ಬಿಸಿಲು. ಆಮೇಲೆ ರೋಹಿಣಿ ಮಳೆ ಬಂತು, ಬಹಳವೇನಲ್ಲ, ಒಂದು ಊಟ ಮುಗಿಯುವಷ್ಟು ಹೊತ್ತು. ನಾನು, ಸಾಹೇಬರು, ಮಾಸ್ತರರು, ಗೌಂಡಿ ಮುತ್ಯಾ ಒಳಗೆ ನಿಂತಿದ್ದೆವು. ಬಿಸಿಲಿಗೆ ಕರಿ ಮಣ್ಣು ಕುಗ್ಗಿತ್ತು, ಕೆಂಪು ಮಣ್ಣು ಕುಗ್ಗಿರಲಿಲ್ಲ, ಎರಡರ ನಡುವೆ ಕೂದಲೆಳೆಯಂಥ ಬಿರುಕು ಎಲ್ಲ ಕಡೆ ಎದ್ದಿದ್ದವು. ಮೊದಲು ಮೂಡಲ ಮೂಲೆಯಲ್ಲಿ ಹನಿ ಬಿತ್ತು. ಆಮೇಲೆ ನಡುವೆ. ಆಮೇಲೆ ಎಣಿಸುವುದನ್ನು ಬಿಟ್ಟೆ. ಸಾಹೇಬರ ಟೊಪ್ಪಿಗೆಯ ಮೇಲೆ ಕೆಸರು ಹನಿ ತಟತಟ ಬೀಳುತ್ತಿತ್ತು. ಅವರು ಅಲ್ಲಾಡದೆ ನಿಂತಿದ್ದರು.

ಮಳೆ ನಿಂತ ಮೇಲೆ ಮುತ್ಯಾ ಕೇಳಿದ, “ಗೊತ್ತಿದ್ದೂ ಯಾಕ ಹಾಕಿದಿ ಬೇ?”

“ಚಂದ ಕಂಡ್ತು ಮುತ್ಯಾ.”

“ಏನ ಚಂದ?”

“ಮಂದಿ ಕೂಡಿದ್ದು.”

ಅವನು ತಂಬಾಕು ತಿಕ್ಕಿ ಬಾಯಿಗೆ ಹಾಕಿಕೊಂಡ. “ಮಂದಿ ಕೂಡಿದ್ದು ಚಂದ ಐತಿ,” ಎಂದ. “ಸೋರತೈತಿ.”

ಶಾಲೆ ತೆರೆಯಲು ಹನ್ನೆರಡು ದಿನ ಉಳಿದಿತ್ತು. ಬಿರುಕಿಗೆ ಮೆತ್ತಿ ನೋಡೋಣವೇ ಎಂದರು ಮಾಸ್ತರರು. ಮೆತ್ತಿದರೆ ಮೇಲಿನ ಸಾಹೇಬರು ಕಟ್ಟಡ ನೋಡಲು ಬಂದ ದಿನ ನಿಲ್ಲಬಹುದು, ಮರುದಿನ ಸೋರುತ್ತದೆ. ಮಾಳಿಗೆಯ ಮಣ್ಣು ನೆನೆದು ನೆನೆದು ಭಾರವಾದರೆ ಜಂತಿ ಮುರಿಯುತ್ತದೆ. ಕೆಳಗೆ ಕೂತಿರುವವರಲ್ಲಿ ನನ್ನ ಮಗಳೂ ಇರುತ್ತಾಳೆ. ಎಲ್ಲ ಕಿತ್ತು ಹಾಕುವುದು ಎಂದೆ. ಸಾಹೇಬರು ನನ್ನ ಮುಖ ನೋಡಿದರು. “ನಾನೂ ಅದನ್ನೇ ಹೇಳಬೇಕಂತಿದ್ದೆ. ನೀವು ಬೈತೀರಿ ಅಂತ ಸುಮ್ಮನಿದ್ದೆ,” ಎಂದರು.

ಬೈಯುವವರು ಬೇರೆ ಇದ್ದರು. ಮರುದಿನ ಬೆಳಗ್ಗೆ ನಾನು ಮೇಲೆ ನಿಂತು ಗುದ್ದಲಿ ಹಾಕುವುದರೊಳಗೆ ಅರ್ಧ ಊರು ಕೆಳಗೆ ನೆರೆದಿತ್ತು. ಕೊಟ್ಟ ಮಣ್ಣು ತೆಗೆಯಬಾರದು, ಅಪಶಕುನ ಎಂದರು ಕೆಲವರು. ಅವತ್ತು ಬೇರೆ ಗುಂಪಿ ಹಾಕಿರಿ ಎಂದವನು, “ಎಲ್ಲಾ ಕಲಸಿದರ ಹಿಂಗ ಆಗತೈತಿ,” ಎಂದ. ಅವನ ಮಾತು ಮಣ್ಣಿನ ಮಟ್ಟಿಗೆ ಖರೆ ಇತ್ತು. ಅದೇ ನನಗೆ ಹೆಚ್ಚು ಚುಚ್ಚಿತು. ಹೊರಗಿನ ಕೇರಿಯ ಒಬ್ಬ ಹಿರಿಯಳು, ಮೊದಲ ಬುಟ್ಟಿ ತಂದಿದ್ದವಳೇ, ಮುಂದೆ ಬಂದು ಮೇಲಕ್ಕೆ ಮುಖ ಎತ್ತಿ ಕೇಳಿದಳು.

“ನಮ್ಮದಷ್ಟ ತಗೀತಿಯೋ, ಎಲ್ಲಾರದೂ ತಗೀತಿಯೋ?”

“ಎಲ್ಲಾರದೂ. ನಂದೂ ಅದರಾಗ ಐತಿ.”

“ಹಂಗಾರ ತಗಿ,” ಎಂದು, ಸೀರೆ ಎತ್ತಿ ಕಟ್ಟಿ, ಕೆಳಗೆ ಬೀಳುವ ಮಣ್ಣನ್ನು ಬುಟ್ಟಿಗೆ ತುಂಬತೊಡಗಿದಳು. ಒಬ್ಬಳು ಕೆಲಸಕ್ಕೆ ನಿಂತ ಮೇಲೆ ಉಳಿದವರಿಗೆ ಬೈಯುತ್ತ ನಿಲ್ಲುವುದು ಕಷ್ಟ.

ಕಿತ್ತ ಮಣ್ಣನ್ನು ಎಸೆಯಲಿಲ್ಲ. ಮಳೆ ತಾಗದ ಕಡೆ ಅದಕ್ಕೇನೂ ದೋಷವಿಲ್ಲ. ಗರಸು, ಜೋಳದ ಹೊಟ್ಟು ಬೆರೆಸಿ ತುಳಿದು, ಒಳಗೆ ಮೂರು ಗೋಡೆಯ ಉದ್ದಕ್ಕೂ ಕೂರುವ ಕಟ್ಟೆ ಮಾಡಿದೆವು. ಮೊಣಕಾಲೆತ್ತರ. ಎಲ್ಲರ ಬುಟ್ಟಿಯೂ ಅದರಲ್ಲಿ ಹೋಯಿತು. ಮುಂದೆ ಹೊಳೆ ಬಂದ ವರ್ಷ ಆ ಕಟ್ಟೆಯ ಮೇಲೆ ಯಾರ ಪಕ್ಕ ಯಾರು ಕೂತರು ಅನ್ನುವುದು ಬೇರೆ ಮಾತು.

ಸವಳು ಇಲ್ಲದೆ ಇನ್ನು ದಾರಿ ಇರಲಿಲ್ಲ. ಬರಿಗೈಲಿ ಹೋಗುವುದು ಬೇಡ, ಪರೀಕ್ಷೆ ಮಾಡಿಕೊಂಡು ಹೋಗೋಣ ಎಂದರು ಸಾಹೇಬರು. ಮೂರು ಮೊರ ತಂದೆ. ಒಂದೊಂದರಲ್ಲೂ ಜೋಳದ ಕಣಿಕೆ, ಅಂದರೆ ಒಣ ದಂಟು, ಹಾಸಿ ಮೂರು ಕಡೆಯ ಮಣ್ಣು ಮೆತ್ತಿದೆವು, ಕಾಕಾನ ಹೊಲದ್ದು ಬದುವಿನ ಹೊರಗೆ ಉದುರಿ ಬಿದ್ದದ್ದು. ಒಣಗಿದ ಮೇಲೆ ಕಲ್ಲಿನ ಮೇಲೆ ಇಟ್ಟು ಒಂದೊಂದಕ್ಕೂ ಒಂದೊಂದು ಕೊಡ ನೀರು ಸಣ್ಣಗೆ ಸುರಿದೆವು. ಎರಡು ಮೊರ ಸೋರಿದವು. ಕಾಕಾನ ಮಣ್ಣಿನ ಮೊರದ ಕೆಳಗೆ ಸಾಹೇಬರು ತಮ್ಮ ಬರೆಯುವ ಕಾಗದವನ್ನೇ ಇಟ್ಟಿದ್ದರು. ಅರ್ಧ ದಿನವಾದರೂ ಅದು ಒಣಗಿಯೇ ಇತ್ತು.

ಆ ಮೊರವನ್ನು ಹೊತ್ತುಕೊಂಡು ನಾವಿಬ್ಬರೂ ಕಾಕಾನ ಮನೆಗೆ ಹೋದೆವು. ಹೋದರೆ ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು, ಪೇಟ ಸುತ್ತಿದ ನಾಲ್ಕು ಮಂದಿ ಕೂತಿದ್ದರು. ಬೀಗರು ಅವತ್ತೇ ಬಂದಿದ್ದರು. ಕಾಕಾ ನನ್ನ ತಲೆಯ ಮೇಲಿನ ಮೊರ ನೋಡಿ, ಕಣ್ಣಿನಲ್ಲೇ ಹೋಗು ಎಂದ. ನಾನು ತಿರುಗುತ್ತಿದ್ದೆ. ಸಾಹೇಬರಿಗೆ ಈ ಸಂಬಂಧದ ಸಂಗತಿ ನಾನು ಹೇಳಿರಲಿಲ್ಲ. ಅವರು ನೇರ ಒಳಗೆ ಹೋಗಿ, ಟೊಪ್ಪಿಗೆ ತೆಗೆದು, ಕೈ ಮುಗಿದರು.

“ನಿಮ್ಮ ಹೊಲದ ಮಣ್ಣಿಗಾಗಿ ಬಂದಿದ್ದೇನೆ. ಮೂರು ಕಡೆಯದು ಪರೀಕ್ಷೆ ಮಾಡಿದೆವು. ನಿಮ್ಮದರಷ್ಟು ಒಳ್ಳೆಯದು ಸಿಗಲಿಲ್ಲ.”

ಕಾಕಾನ ಮುಖದಲ್ಲಿ ರಕ್ತ ಇರಲಿಲ್ಲ. ಗಂಡಿನ ತಂದೆ, ದಪ್ಪ ಮೀಸೆಯವನು, “ಯಾವ ಮಣ್ಣು? ತರ್ರಿ ಇತ್ತ,” ಎಂದ. ನಾನು ಮೊರ ಇಳಿಸಿದೆ. ಅವನು ಒಂದು ಚಿವುಟು ಮುರಿದು ನಾಲಗೆಯ ಮೇಲಿಟ್ಟುಕೊಂಡ. ಗೊತ್ತಿದ್ದವರು ಸವಳನ್ನು ಹಾಗೆಯೇ ನೋಡುತ್ತಾರೆ.

“ಖರೇ ಸವಳ,” ಎಂದ ಅವನು. “ಬೀಗರ, ನಮ್ಮ ಕಡೆ ಕಣಗಲಾ ದಾಟಿ ಹೋಗಿ ತರತೇವ್ರಿ ಇದನ್ನ. ಹೋದ ವರ್ಷ ನಮ್ಮ ಮಾಳಿಗಿ ಸೋರಿ ಜ್ವಾಳದ ಚೀಲ ಮೊಳಿತು. ಎಷ್ಟ ಐತಿ ನಿಮ್ಮಲ್ಲಿ?”

ಕಾಕಾ ನನ್ನನ್ನು ನೋಡಿದ, ಸಾಹೇಬರನ್ನು ನೋಡಿದ, ಮೀಸೆಯವನನ್ನು ನೋಡಿದ. ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡ.

“ಒಂದ ತುಂಡು ಹೊಲ ಅದಕ್ಕಂತ ಬಿಟ್ಟೇನ್ರಿ,” ಎಂದ. “ಉಳಿದದ್ದೆಲ್ಲಾ ಚಲೋ ಎರಿ. ನೋಡೀರಂತ ನಡೀರಿ.”

ಉಳಿದದ್ದು ಚಲೋ ಎರೆಯೇ, ಸುಳ್ಳಲ್ಲ. ನನ್ನ ಕಡೆ ತಿರುಗಿ, “ಇದಕ್ಕ ಕೇಳೂದೇನೈತಿ ಯವ್ವಾ, ಊರ ಸಾಲಿ ಅಂದ ಮ್ಯಾಲ? ಬಂಡಿ ತರೂದಲ್ಲ?” ಎಂದ. ನಾನು ಬಾಯಿಗೆ ಬಂದ ಇಬ್ಬನಿಯನ್ನು ನುಂಗಿಕೊಂಡೆ. ಬೀಗ ಹೋಗುವಾಗ ತನ್ನ ಬಂಡಿಯಲ್ಲಿ ಎರಡು ಚೀಲ ತುಂಬಿಸಿಕೊಂಡ. ಸಂಬಂಧ ಗಟ್ಟಿಯಾಯಿತು. ಹಾದಿಯಲ್ಲಿ ವಿಷಯ ತಿಳಿದ ಸಾಹೇಬರು ಹೆದರಿ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. “ಮದುವೆ ಮುರಿದಿದ್ದರೆ?” ಎಂದರು. “ನೀವ ಮಾಡ್ಕೋಬೇಕಾಗ್ತಿತ್ತು,” ಎಂದೆ. ಆಮೇಲೆ ಅವರು ಕೂತಲ್ಲಿಂದ ಬೇಗ ಎದ್ದರು.

ಉಳಿದದ್ದು ಏಳು ದಿನ. ಜಂತಿಯ ಮೇಲಿನ ಕಟ್ಟಿಗೆಯ ಚಕ್ಕೆಗಳನ್ನು ಗುಡಿಸಿ, ಬೇವಿನ ಎಲೆ-ತಪ್ಪಲು ಹಾಸಿದೆವು, ಗೆದ್ದಲು ಬರಬಾರದೆಂದು. ಅದರ ಮೇಲೆ ಜೋಳದ ಕಣಿಕೆ, ಅಡ್ಡ ಒಂದು ಸಾಲು, ಉದ್ದ ಒಂದು ಸಾಲು. ಅದರ ಮೇಲೆ ಕೆಂಪು ಮಣ್ಣು ಮಾತ್ರ, ಎರಡು ದಿನ ನೆನೆಸಿ ತುಳಿದದ್ದು, ಒಂದು ಗೇಣು. ಅದು ಅರೆ ಒಣಗಿದಾಗ ಹೆಂಗಸರು ಸಾಲಾಗಿ ಕೂತು ಕಟ್ಟಿಗೆಯ ಹಲಗೆಯಿಂದ ಬಡಿಯಬೇಕು. ಬಡಿದಷ್ಟೂ ಬಿರುಕು ಮುಚ್ಚುತ್ತದೆ. ಕೊನೆಗೆ ಸವಳು, ಒಣ ಹುಡಿಯಾಗಿ ನಾಲ್ಕು ಬೆರಳು. ಇಳಿಜಾರು ಹೆಚ್ಚು ಮಾಡಿರಿ, ನೀರು ಓಡಿ ಹೋಗಲಿ ಎಂದರು ಸಾಹೇಬರು. ಕಾರವಾರದವರು, ಅವರಿಗೆ ಮಾಡು ಅಂದರೆ ಇಳಿಜಾರು. ನೀರು ಓಡಿದರೆ ಮಣ್ಣನ್ನೂ ಕರೆದುಕೊಂಡು ಓಡುತ್ತದೆ, ನೀರು ನಡೆಯಬೇಕು ಎಂದೆ. ತಂಬಿಗೆಯಿಂದ ನೀರು ಬಿಟ್ಟು, ಅದು ದೋಣಿಯ ತನಕ ನಿಧಾನ ಹೋಗುವ ಹಾಗೆ ಸಮ ಮಾಡಿದೆವು. ದೋಣಿ ಅಂದರೆ ನೀರು ಹೊರಗೆ ಬೀಳುವ ಕಟ್ಟಿಗೆಯ ತೂಬು. ಅದು ಗೋಡೆಯಿಂದ ಎರಡು ಮೊಳ ಆಚೆ ಚಾಚಬೇಕು, ಇಲ್ಲದಿದ್ದರೆ ನೀರು ಬುಡದಲ್ಲೇ ಬಿದ್ದು ಪಾಯಕ್ಕೆ ಇಳಿಯುತ್ತದೆ. ಬೀಳುವ ಕಡೆ ಕಲ್ಲು ಹಾಸಿದೆವು.

ಶಾಲೆ ತೆರೆದ ಮೂರನೆಯ ದಿನ ಮಿರಗದ ಮಳೆ ಹಿಡಿಯಿತು. ಕಟ್ಟಡ ಪರೀಕ್ಷೆ ಮಾಡುವ ದೊಡ್ಡ ಸಾಹೇಬರು ಅವತ್ತೇ ಬಂದರು. ನಾನು ಮಾಳಿಗೆಯ ಮೇಲಿದ್ದೆ. ಹೊಸ ಮಾಳಿಗೆಗೆ ಮೊದಲ ಮಳೆ ಬೀಳುವಾಗ ಹಾಕಿದವಳು ಮೇಲಿರಬೇಕು. ಎಲ್ಲಿ ನೀರು ನಿಲ್ಲುತ್ತದೆ, ಎಲ್ಲಿ ಕಣ್ಣು ತೆರೆಯುತ್ತದೆ ನೋಡಿ, ಕಾಲಿನಿಂದ ಒತ್ತಿ ಮುಚ್ಚಬೇಕು. ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಸುತ್ತು ಹೊಡೆಯುತ್ತಿದ್ದೆ. ಬೆಳಕಿಗಾಗಿ ಮಾಳಿಗೆಯ ನಡುವೆ ಬಿಟ್ಟು, ಮಳೆಗೆಂದು ಮೇಲೆ ಓರೆಯಾಗಿ ಕಲ್ಲು ಮುಚ್ಚಿದ್ದ ಕಿಂಡಿಯಿಂದ ಕೆಳಗಿನ ಮಾತೆಲ್ಲ ಕೇಳುತ್ತಿತ್ತು.

“ಮೇಲೆ ಯಾರದು?” ಎಂದರು ದೊಡ್ಡ ಸಾಹೇಬರು.

“ಮಾಳಿಗೆ ಹಾಕಿದವರು, ಸಾರ್,” ಎಂದರು ನಮ್ಮ ಓವರ್ಸಿಯರ್.

“ಇಳಿಯಲು ಹೇಳಿ. ಮಳೆ ಜೋರಾಗಿದೆ.”

“ಹೇಳಿ ನೋಡಿದೆ, ಸಾರ್.”

ಆಮೇಲೆ ಬೂಟಿನ ಸಪ್ಪಳ ಮೂಲೆಯಿಂದ ಮೂಲೆಗೆ ಹೋಯಿತು. ಮೇಲೆ ನೋಡುತ್ತಿದ್ದಾರೆ ಎಂದುಕೊಂಡೆ. ನಾನೂ ಆ ಮೂಲೆಯಿಂದ ಈ ಮೂಲೆಗೆ ಹೋದೆ. ಕೊನೆಗೆ ಅವರು ಯಾರಾದರೊಬ್ಬರು ಓದಿ ಎಂದರು. ಮಾಸ್ತರರು ಹೆಸರು ಕರೆದರು, ನನ್ನ ಮಗಳದು. ಅವಳು ಎದ್ದು ಓದತೊಡಗಿದಳು. ಯಾವ ಪಾಠವೋ ಗೊತ್ತಿಲ್ಲ, ನಾನು ಕಲಿತದ್ದಕ್ಕಿಂತ ಮುಂದಿನದು. ನಡುವೆ ಒಂದು ಶಬ್ದಕ್ಕೆ ಸಿಕ್ಕಿಕೊಂಡಳು. ನನ್ನ ಕಾಲು ಎತ್ತಿದ್ದು ಹಾಗೆಯೇ ನಿಂತಿತು. ಮಳೆ ಬೀಳುತ್ತಿತ್ತು. ಕೆಳಗೆ ಯಾರೂ ಹೇಳಿಕೊಡಲಿಲ್ಲ. ಅವಳೇ ಬಿಡಿಸಿಕೊಂಡು, ಆ ಶಬ್ದವನ್ನು ಎರಡು ಸಲ ಹೇಳಿ, ಮುಂದೆ ಹೋದಳು.

ಆಮೇಲೆ ದೊಡ್ಡ ಸಾಹೇಬರು ಸ್ವಲ್ಪ ಹೊತ್ತು ಬರೆಯುತ್ತಿದ್ದಿರಬೇಕು, ಸದ್ದಿಲ್ಲ. ಮತ್ತೆ ಒಮ್ಮೆಲೇ ಗದ್ದಲ, ಮಕ್ಕಳೆಲ್ಲ ಎದ್ದ ಹಾಗೆ. ಕಿಂಡಿಯ ಕೆಳಗೆ ಬಂದು ನಿಂತು ಮಗಳು ಕೂಗಿದಳು.

“ಅವ್ವಾ, ಸಾಲಿ ಇಲ್ಲೇ ಇರತೈತಂತ. ಬರದಕೊಟ್ಟಾರ. ಇಳಿ ಈಗ.”

“ಹನಿ ಬಿತ್ತೇನ?” ಎಂದೆ.

“ಎಲ್ಲೂ ಇಲ್ಲ. ಇಳಿ, ನೆನದಿ.”

ಇಳಿಯಲಿಲ್ಲ. ಮೂಡಲ ಮೂಲೆಯನ್ನು ಇನ್ನೂ ತುಳಿಯುವುದಿತ್ತು.